ಮಾಲಿನ ಲೆಕ್ಕ ಐತಿ, ಪಾಕೀಟಿನ ಲೆಕ್ಕ ಎಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ.

ಬ್ಯಾಡಗಿಯಲ್ಲಿ ಖಾರದಪುಡಿ ಪ್ಯಾಕ್ ಮಾಡುವವರನ್ನು ಕೇಳಿ, ರಾಣೆಬೆನ್ನೂರಿನಲ್ಲಿ ಬಿತ್ತನೆ ಬೀಜ ಮಾರುವವರನ್ನು ಕೇಳಿ, ಹುಬ್ಬಳ್ಳಿಯಲ್ಲಿ ಹೊರದೇಶದ ಸಾಮಾನು ತರಿಸಿ ಅಂಗಡಿಗಳಿಗೆ ಹಾಕುವವರನ್ನು ಕೇಳಿ. ಹೋದ ವರ್ಷ ಎಷ್ಟು ಮಾಲು ಹೋಯಿತು ಅಂದರೆ ವಹಿ ತೆಗೆಯದೇ ಹೇಳುತ್ತಾರೆ. ಆ ಮಾಲಿನ ಜೊತೆ ಎಷ್ಟು ಕಿಲೋ ಪ್ಲಾಸ್ಟಿಕ್ ಹೋಯಿತು ಅಂತ ಕೇಳಿದರೆ ಮಾತ್ರ ಗಪ್. ಸರ್ಕಾರ ಈಗ ಕೇಳುತ್ತಿರುವುದು ಈ ಎರಡನೇ ಲೆಕ್ಕವನ್ನು. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮ ಬಂದದ್ದು 2016ರಲ್ಲಿ. ಆಗಿನಿಂದಲೂ ಅದರೊಳಗೆ ಕಂಪನಿಗಳ ಹೊಣೆ ಅನ್ನುವ ಮಾತು ಇತ್ತು, ಆದರೆ ಯಾರು ಎಷ್ಟು ಮಾಡಬೇಕು, ಯಾವಾಗ ಮಾಡಬೇಕು ಅನ್ನುವುದು ಗಟ್ಟಿಯಾಗಿ ಬಂದದ್ದು 2022ರ ಫೆಬ್ರವರಿ 16ರ ಮಾರ್ಗಸೂಚಿಯಲ್ಲಿ. ಎಲ್ಲರೂ ಇದನ್ನು ಇ.ಪಿ.ಆರ್., ಅಂದರೆ ಉತ್ಪಾದಕರ ವಿಸ್ತೃತ ಹೊಣೆಗಾರಿಕೆ, ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಒಳಗಿನ ವಿಚಾರ ಸರಳ. ಪ್ಲಾಸ್ಟಿಕ್ ಪಾಕೀಟನ್ನು ಮಾರುಕಟ್ಟೆಗೆ ತಂದವರು ಯಾರೋ, ಅಷ್ಟೇ ತೂಕದ ಪ್ಲಾಸ್ಟಿಕ್ ವಾಪಸ್ ಬಂದು ಮರುಬಳಕೆ ಆಗುವ ಖರ್ಚೂ ಅವರದೇ. ಇಷ್ಟು ವರ್ಷ ಆ ಖರ್ಚು ಯಾರ ತಲೆ ಮೇಲೆ ಇತ್ತು? ಪಾಲಿಕೆಯ ಮೇಲೆ, ಅಂದರೆ ತೆರಿಗೆ ಕಟ್ಟುವ ನಮ್ಮ ನಿಮ್ಮ ಮೇಲೆ. ಹುಬ್ಬಳ್ಳಿಯ ಕಾರವಾರ ರಸ್ತೆಯ ಕಸದ ಗುಡ್ಡ, ಧಾರವಾಡದ ಹೊಸಯಲ್ಲಾಪುರದ ಕಸದ ರಾಶಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮುಖ್ಯ ಪ್ರಶ್ನೆ. ಇದು ನನಗೆ ಅನ್ವಯ ಆಗುತ್ತದಾ?

ಇಲ್ಲೇ ನಮ್ಮ ಭಾಗದಲ್ಲಿ ಗೊಂದಲ ಜಾಸ್ತಿ. ಒಂದು ಕಡೆ, ಇದು ಬೆಂಗಳೂರು ಮುಂಬೈಯ ದೊಡ್ಡ ಕಂಪನಿಗಳಿಗೆ ಬಿಡ್ರಿ ಅನ್ನುವವರು. ಇನ್ನೊಂದು ಕಡೆ, ಎಲ್ಲರೂ ನೋಂದಣಿ ಮಾಡಿಸಲೇಬೇಕು, ಇಲ್ಲದಿದ್ದರೆ ಅಂಗಡಿಗೆ ಬೀಗ ಬೀಳುತ್ತದೆ, ಇಷ್ಟು ಸಾವಿರ ಕೊಡಿ ನಾವು ಮಾಡಿಸಿ ಕೊಡುತ್ತೇವೆ ಅಂತ ಫೋನ್ ಮಾಡುವ ಏಜೆಂಟರು. ಎರಡೂ ಪೂರ್ತಿ ಸರಿಯಲ್ಲ. ನಿಯಮದಲ್ಲಿ ಮುಖ್ಯವಾಗಿ ಮೂರು ಥರದ ಜನ ಬರುತ್ತಾರೆ. ಪ್ಲಾಸ್ಟಿಕ್ ಪ್ಯಾಕಿಂಗ್ ತಯಾರಿಸುವವರು, ಅದನ್ನು ಆಮದು ಮಾಡುವವರು, ತಮ್ಮ ಬ್ರ್ಯಾಂಡ್ ಹೆಸರಲ್ಲಿ ಮಾಲು ಮಾರುವವರು. ನಿಮ್ಮ ಕೆಲಸ ಈ ಮೂರರಲ್ಲಿ ಯಾವುದು ಅನ್ನುವುದನ್ನು ಮೊದಲು ನೀವೇ ಕೂತು ತೀರ್ಮಾನ ಮಾಡಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಬ್ರ್ಯಾಂಡ್ ಮಾಲೀಕರಿಂದ ಶುರು ಮಾಡೋಣ. ನೀವು ಬೇರೆಯವರ ಗಿರಣಿಯಲ್ಲಿ ಖಾರ ಕುಟ್ಟಿಸಿ, ಇನ್ನೊಬ್ಬರ ಹತ್ತಿರ ಪೌಚ್ ಮಾಡಿಸಿ, ಅದರ ಮೇಲೆ ನಿಮ್ಮ ಹೆಸರು ಹಾಕಿ ಮಾರಿದರೆ ಬ್ರ್ಯಾಂಡ್ ಮಾಲೀಕರು ನೀವೇ. ಆದರೆ ಇಲ್ಲಿ ಒಂದು ದೊಡ್ಡ ವಿನಾಯಿತಿ ಇದೆ. ಅತಿ ಸಣ್ಣ ಮತ್ತು ಸಣ್ಣ ಉದ್ಯಮದ ವರ್ಗಕ್ಕೆ ಸೇರಿದ ಬ್ರ್ಯಾಂಡ್ ಮಾಲೀಕರಿಗೆ ಈ ಹೊಣೆ ಇಲ್ಲ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿ ಯಂತ್ರೋಪಕರಣದ ಬಂಡವಾಳ 25 ಕೋಟಿ, ವಹಿವಾಟು 100 ಕೋಟಿ ರೂಪಾಯಿ. ಎರಡೂ ಮಿತಿಯೊಳಗೆ ಇರಬೇಕು, ಒಂದು ದಾಟಿದರೂ ನೀವು ಮಧ್ಯಮ ವರ್ಗ. ಹಾಗೆ ನೋಡಿದರೆ ಬ್ಯಾಡಗಿಯ ಖಾರದಪುಡಿಯವರಲ್ಲಿ, ಧಾರವಾಡದ ಪೇಡೆ ಅಂಗಡಿಯವರಲ್ಲಿ, ಗದಗಿನ ಉಪ್ಪಿನಕಾಯಿ ಹಪ್ಪಳದವರಲ್ಲಿ ಬಹಳ ಮಂದಿ ಈ ವಿನಾಯಿತಿಯೊಳಗೆ ಬರುತ್ತಾರೆ. ಅದನ್ನು ತೋರಿಸಲು ಉದ್ಯಮ್ ನೋಂದಣಿ ಪತ್ರ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರ ಕೊಡುವ ಪತ್ರ, ಸರಿಯಾಗಿರಬೇಕು, ಅದರಲ್ಲಿ ವಹಿವಾಟಿನ ಅಂಕಿ ಹಳೆಯದು ಉಳಿದಿರಬಾರದು. ಏಜೆಂಟರು ಈ ಮಾತು ಮಾತ್ರ ಹೇಳುವುದಿಲ್ಲ ನೋಡಿ.

ಆಮದು ಮಾಡುವವರ ಕಥೆ ಬೇರೆ. ಬ್ರ್ಯಾಂಡ್ ಮಾಲೀಕರಿಗೆ ಕೊಟ್ಟ ಆ ವಿನಾಯಿತಿ ಅವರ ಸಾಲಿನಲ್ಲಿ ಬರೆದಿಲ್ಲ. ನೀವು ತರಿಸುವುದು ಪ್ಲಾಸ್ಟಿಕ್ ಅಲ್ಲದೇ ಇರಬಹುದು, ಹಾರ್ಡ್‌ವೇರ್ ಇರಬಹುದು, ಆಟಿಕೆ ಇರಬಹುದು, ಎಲೆಕ್ಟ್ರಿಕ್ ಸಾಮಾನು ಇರಬಹುದು. ಆದರೆ ಅದನ್ನು ಸುತ್ತಿಕೊಂಡು ಬಂದ ಪ್ಲಾಸ್ಟಿಕ್ ಕವರು, ಒಳಗಿನ ಚೀಲ, ಹೊರಗಿನ ಹಾಳೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ನಾನು ಪ್ಲಾಸ್ಟಿಕ್ ವ್ಯಾಪಾರಿ ಅಲ್ಲ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಇನ್ನು ಪೌಚು, ಕವರು, ಡಬ್ಬಿ ಮಾಡುವ ಘಟಕಗಳು. ತಾರಿಹಾಳದಲ್ಲೋ ಬೇಲೂರು ಕೈಗಾರಿಕಾ ಪ್ರದೇಶದಲ್ಲೋ ಇಂಥ ಘಟಕ ಇಟ್ಟುಕೊಂಡವರು ಇದನ್ನು ಗಮನವಿಟ್ಟು ಕೇಳಿ. ಸಣ್ಣ ತಯಾರಕರ ಮೇಲೆ ಬಿದ್ದಿದ್ದ ಗುರಿಯ, ಅಂದರೆ ವರ್ಷಕ್ಕೆ ಇಷ್ಟು ತೂಕದ ಪ್ಲಾಸ್ಟಿಕ್ಕಿಗೆ ಉತ್ತರ ಕೊಡಬೇಕು ಅನ್ನುವ ಲೆಕ್ಕದ, ಭಾರವನ್ನು 2024ರ ತಿದ್ದುಪಡಿಯಲ್ಲಿ ಅವರಿಗೆ ಪ್ಲಾಸ್ಟಿಕ್ ಕಚ್ಚಾಮಾಲು ಕೊಡುವವರ ಕಡೆಗೆ ಸರಿಸಿದ್ದಾರೆ. ಒಳ್ಳೆಯ ಕೆಲಸ. ಆದರೆ ಗುರಿ ಹೋಯಿತು ಅಂದ ಮಾತ್ರಕ್ಕೆ ನೋಂದಣಿಯೂ ಬೇಡ ಅಂದುಕೊಳ್ಳಬೇಡಿ. ನೋಂದಣಿ ಇಲ್ಲದವರ ಜೊತೆ ನೋಂದಣಿ ಇದ್ದವರು ವ್ಯವಹಾರ ಮಾಡುವಂತಿಲ್ಲ ಅಂತ ಮಾರ್ಗಸೂಚಿಯೇ ಹೇಳುತ್ತದೆ. ಅದಕ್ಕೇ ದೊಡ್ಡ ಕಂಪನಿಗಳಿಂದ ನಿಮಗೆ ಆ ಪತ್ರ ಬರುತ್ತಿರುವುದು, ನಿಮ್ಮ ನೋಂದಣಿ ಸಂಖ್ಯೆ ಕಳಿಸಿ ಅಂತ. ಇನ್‌ಸ್ಪೆಕ್ಟರ್ ಬರುವ ಮೊದಲೇ ಗಿರಾಕಿ ಕೈಬಿಡುತ್ತಾನೆ. ನನ್ನ ಲೆಕ್ಕದಲ್ಲಿ ದಂಡಕ್ಕಿಂತ ಇದೇ ದೊಡ್ಡ ಪೆಟ್ಟು.

ನೋಂದಣಿ ಎಲ್ಲಿ? ಎರಡಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ವ್ಯವಹಾರ ಇದ್ದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ. ಒಂದೋ ಎರಡೋ ರಾಜ್ಯ ಆದರೆ ರಾಜ್ಯ ಮಂಡಳಿಯಲ್ಲಿ. ಅರ್ಜಿ ಹಾಕುವ ಪೋರ್ಟಲ್ ಮಾತ್ರ ಎರಡಕ್ಕೂ ಒಂದೇ. ನಮ್ಮ ಹುಬ್ಬಳ್ಳಿಯವರ ಮಾಲು ಬೆಳಗಾವಿ ದಾಟಿ ಕೊಲ್ಹಾಪುರಕ್ಕೂ ಹೋಗುತ್ತದೆ, ಕಾರವಾರ ದಾಟಿ ಗೋವಾಕ್ಕೂ ಹೋಗುತ್ತದೆ. ಕರ್ನಾಟಕ, ಮಹಾರಾಷ್ಟ್ರ, ಗೋವಾ, ಅಲ್ಲಿಗೆ ಮೂರಾಯಿತಲ್ವಾ? ಅಂದರೆ ಕೇಂದ್ರ ಮಂಡಳಿ. ಪ್ಯಾನ್, ಜಿಎಸ್‌ಟಿ, ಸಹಿ ಮಾಡುವವರ ಆಧಾರ್, ಕಾರ್ಖಾನೆ ಇದ್ದರೆ ಮಂಡಳಿಯ ಸಮ್ಮತಿ ಪತ್ರ, ಇವೆಲ್ಲ ಕೈಯಲ್ಲಿ ಇಟ್ಟುಕೊಂಡು ಅರ್ಜಿಗೆ ಕೂತುಕೊಳ್ಳಿ.

ಈಗ ತೂಕಕ್ಕೆ ಬರೋಣ. ಅರ್ಜಿ ತುಂಬುವಾಗ ಜನ ಸಿಕ್ಕಿಬೀಳುವುದು ಇಲ್ಲಿಯೇ.

ಪೋರ್ಟಲ್ ನಿಮ್ಮನ್ನು ಎಷ್ಟು ಪಾಕೀಟು ಅಂತ ಕೇಳುವುದಿಲ್ಲ, ಎಷ್ಟು ಟನ್ ಅಂತ ಕೇಳುತ್ತದೆ. ಅದೂ ವರ್ಗ ಪ್ರಕಾರ. ಗಟ್ಟಿ ಡಬ್ಬಿ, ಬಾಟಲಿ, ಮುಚ್ಚಳ ಇವೆಲ್ಲ 1ನೇ ವರ್ಗ. ಮಡಚುವ ಕವರು, ಪೌಚು, ಹಾಳೆ 2ನೇ ವರ್ಗ. ಪದರ ಒಂದೇ ಇರಲಿ ಹಲವು ಇರಲಿ, ಎಲ್ಲ ಪದರವೂ ಪ್ಲಾಸ್ಟಿಕ್ ಆಗಿರಬೇಕು. ಆ ಪದರಗಳ ನಡುವೆ ಅಲ್ಯುಮಿನಿಯಂ ಹಾಳೆಯೋ ಕಾಗದವೋ ಬಂದರೆ ಅದು 3ನೇ ವರ್ಗ. ಗೊಬ್ಬರ ಆಗುವ ಪ್ಲಾಸ್ಟಿಕ್ಕಿಗೆ 4ನೇ ವರ್ಗ. ನೋಡಲು ಒಂದೇ ಥರ ಕಾಣುವ ಎರಡು ಖಾರದಪುಡಿ ಪೌಚಿನಲ್ಲಿ ಒಂದು 2ನೇ ವರ್ಗ, ಇನ್ನೊಂದು 3ನೇ ವರ್ಗ ಆಗಿರಬಹುದು. ಅದನ್ನು ಕೈಯಲ್ಲಿ ಹಿಡಿದು ಊಹಿಸಬೇಡಿ, ಪೌಚ್ ಕೊಟ್ಟವರಿಂದ ಯಾವ ಪದರ, ಎಷ್ಟು ದಪ್ಪ ಅಂತ ಬರೆಸಿಕೊಳ್ಳಿ.

ಪೌಚಿನ ರೋಲು ಕಿಲೋ ಲೆಕ್ಕದಲ್ಲಿ ಬರುತ್ತದೆ, ಹಾಗಾಗಿ ಖರೀದಿ ಬಿಲ್ಲೇ ನಿಮ್ಮ ಲೆಕ್ಕ. ಡಬ್ಬಿ, ಬಾಟಲಿ ಎಣಿಕೆಯ ಲೆಕ್ಕದಲ್ಲಿ ಬರುತ್ತವೆ, ಅವುಗಳಲ್ಲಿ ಕೆಲವನ್ನು ತೂಗಿ ಒಂದರ ತೂಕ ಬರೆದಿಡಬೇಕು. ಒಂದು ಖಾಲಿ ಪೌಚು 4 ಗ್ರಾಂ ಇದೆ ಅಂತ ಇಟ್ಟುಕೊಳ್ಳಿ, 10 ಲಕ್ಷ ಪೌಚು ಹೋದರೆ ಅಲ್ಲಿಗೆ 4 ಟನ್. ಬಾಕ್ಸಿಗೆ ಹಚ್ಚುವ ಟೇಪು, ಬಂಡಲಿಗೆ ಸುತ್ತುವ ಹಾಳೆ, ಮಾಲು ತುಂಬುವ ಪ್ಲಾಸ್ಟಿಕ್ ಚೀಲ ಇವನ್ನು ಮರೆಯುವವರೇ ಜಾಸ್ತಿ. ರಟ್ಟಿನ ಬಾಕ್ಸು ಈ ಲೆಕ್ಕದಲ್ಲಿ ಇಲ್ಲ. ಇದನ್ನು ವರ್ಷದ ಕೊನೆಗೆ ಒಟ್ಟಿಗೆ ಮಾಡಲು ಕೂತರೆ ತಲೆ ಕೆಡುತ್ತದೆ. ಪ್ರತಿ ತಿಂಗಳು ಜಿಎಸ್‌ಟಿ ಲೆಕ್ಕ ಮಾಡುವ ದಿನವೇ, ಅದೇ ಬಿಲ್ಲುಗಳಿಂದ, ಅದೇ ಹುಡುಗನ ಕೈಯಿಂದ ಇನ್ನೊಂದು ಕಾಲಂ ತುಂಬಿಸಿ. ಅಷ್ಟೇ.

ಇಷ್ಟು ಬರೆದರೆ ನಿಮ್ಮ ಗುರಿ ಎಷ್ಟು ಅಂತ ತಾನೇ ಗೊತ್ತಾಗುತ್ತದೆ. ಹಿಂದಿನ ಎರಡು ವರ್ಷದ ಸರಾಸರಿ ತೆಗೆಯುತ್ತಾರೆ. ಒಂದು ವರ್ಷ 8 ಟನ್, ಇನ್ನೊಂದು ವರ್ಷ 10 ಟನ್ ಆಗಿದ್ದರೆ ಸರಾಸರಿ 9 ಟನ್. 2023-24ರಿಂದ ಗುರಿ 100ಕ್ಕೆ 100, ಅಂದರೆ 9 ಟನ್ನಿಗೂ ನೀವು ಉತ್ತರ ಕೊಡಬೇಕು. ಅದರಲ್ಲಿ ಇಂತಿಷ್ಟು ಪಾಲು ಮರುಬಳಕೆಯೇ ಆಗಬೇಕು. ಪೌಚಿನ ವರ್ಗಕ್ಕೆ ಅದು 2025-26ರಲ್ಲಿ ಶೇಕಡ 40, 2026-27ರಲ್ಲಿ 50, ಆಮೇಲೆ 60. ಮರುಬಳಕೆಗೆ ಬಾರದ ಪ್ಲಾಸ್ಟಿಕ್ ಮಾತ್ರ ರಸ್ತೆ ಮಾಡಲು, ಸಿಮೆಂಟ್ ಕಾರ್ಖಾನೆಯಲ್ಲಿ ಉರಿಸಲು ಹೋಗಬಹುದು.

ಹಾಗಂತ ನೀವೇ ಊರೂರು ತಿರುಗಿ ಖಾಲಿ ಪೌಚು ಆರಿಸಬೇಕಾಗಿಲ್ಲ. ನೋಂದಣಿ ಆದ ಮರುಬಳಕೆ ಘಟಕದವರು ತಾವು ಸಂಸ್ಕರಿಸಿದ ತೂಕಕ್ಕೆ ಪ್ರಮಾಣಪತ್ರ ಮಾಡುತ್ತಾರೆ, ಅದನ್ನು ನೀವು ಕೊಂಡು ನಿಮ್ಮ ಗುರಿಗೆ ಹೊಂದಿಸಬೇಕು. ವರ್ಗ ಮಾತ್ರ ಅದೇ ಆಗಿರಬೇಕು, ಬಾಟಲಿಯ ಪ್ರಮಾಣಪತ್ರ ತಂದು ಪೌಚಿಗೆ ಹಚ್ಚಲು ಬರುವುದಿಲ್ಲ. ತೀರಾ ಅಗ್ಗಕ್ಕೆ ಕೊಡುತ್ತೇವೆ ಅಂದವರ ಹತ್ತಿರ ಹುಷಾರು. 2023ರಲ್ಲಿ ಕೇಂದ್ರ ಮಂಡಳಿ ಕೆಲವೇ ಘಟಕಗಳನ್ನು ತಪಾಸಣೆ ಮಾಡಿದಾಗ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಸಿಕ್ಕವು. ಗುಜರಾತ್, ಮಹಾರಾಷ್ಟ್ರದ ಜೊತೆ ನಮ್ಮ ಕರ್ನಾಟಕದ ಘಟಕದ ಹೆಸರೂ ಅದರಲ್ಲಿ ಇತ್ತು. ಸಂಸ್ಕರಿಸದೇ ಇರುವ ಪ್ಲಾಸ್ಟಿಕ್ಕಿಗೆ ಕಾಗದ ಹುಟ್ಟಿತ್ತು.

ಇಲ್ಲಿ ನನ್ನ ಒಂದು ತಕರಾರು ಇದೆ, ಹೇಳಿಬಿಡುತ್ತೇನೆ. ಈ ಇಡೀ ವ್ಯವಸ್ಥೆಯಲ್ಲಿ ಹಣ ಓಡಾಡುವುದು ಕಂಪನಿ ಮತ್ತು ಘಟಕದ ನಡುವೆ. ಬೆಳಗಿನ ಜಾವ ಚೀಲ ಹೆಗಲಿಗೆ ಹಾಕಿ ದುರ್ಗದಬೈಲಿನಲ್ಲಿ, ಎಪಿಎಂಸಿಯಲ್ಲಿ ಪ್ಲಾಸ್ಟಿಕ್ ಆಯುವ ಹೆಣ್ಣುಮಕ್ಕಳಿಗೆ, ಅದನ್ನು ಕೊಳ್ಳುವ ರದ್ದಿ ಅಂಗಡಿಯವನಿಗೆ ಅದರಲ್ಲಿ ಏನು ಸಿಗುತ್ತದೆ ಅಂತ ಯಾವ ಪೋರ್ಟಲ್ಲಿನಲ್ಲೂ ಕಾಲಂ ಇಲ್ಲ. ಬಾಟಲಿಗೆ ರದ್ದಿ ರೇಟು ಇದೆ, ಅದಕ್ಕೇ ಬಾಟಲಿ ರಸ್ತೆಯಲ್ಲಿ ಉಳಿಯುವುದಿಲ್ಲ. ಹೊಳೆಯುವ ಚಿಪ್ಸ್ ಪೌಚನ್ನು ಯಾರೂ ಕೇಳುವುದಿಲ್ಲ, ಅದು ಗಟಾರದಲ್ಲೇ ಉಳಿಯುತ್ತದೆ. ಪ್ರಮಾಣಪತ್ರದ ದುಡ್ಡು ಈ ಕೆಳಗಿನ ಕೈಯವರೆಗೆ ಇಳಿಯದಿದ್ದರೆ ಕಾಗದದ ಮೇಲೆ ಮಾತ್ರ 100ಕ್ಕೆ 100 ಆಗುತ್ತದೆ.

ಇರಲಿ, ಕೆಲಸದ ಮಾತಿಗೆ ಬರೋಣ. ವಾರ್ಷಿಕ ವರದಿಗೆ ಕೊನೆಯ ದಿನ ಮರುವರ್ಷದ ಜೂನ್ 30. ಮಾರ್ಚಿಗೆ ಮುಗಿದ ವರ್ಷದ ಲೆಕ್ಕವನ್ನು ಜೂನ್ ಒಳಗೆ ಹಾಕಬೇಕು. ಗಡುವು ಮುಂದಕ್ಕೆ ಹಾಕಿದ್ದೂ ಉಂಟು, ಆದರೆ ಅದನ್ನೇ ನೆಚ್ಚಿಕೊಂಡು ಸುಮ್ನೆ ಕೂರಬೇಡಿ. ಗುರಿ ಮುಟ್ಟದಿದ್ದರೆ ಪರಿಸರ ಪರಿಹಾರ ಅಂತ ಹಣ ಹಾಕುತ್ತಾರೆ. ಹಣ ಕಟ್ಟಿದರೂ ಬಾಕಿ ಗುರಿ ಮನ್ನಾ ಆಗುವುದಿಲ್ಲ, ಮುಂದಿನ ವರ್ಷಗಳಿಗೆ ಹೋಗುತ್ತದೆ. ಒಂದು ವರ್ಷದೊಳಗೆ ಆ ಬಾಕಿ ತೀರಿಸಿದರೆ ಕಟ್ಟಿದ್ದರಲ್ಲಿ ಶೇಕಡ 75 ವಾಪಸ್, ಎರಡನೇ ವರ್ಷ 60, ಮೂರನೇ ವರ್ಷ 40, ಆಮೇಲೆ ಏನೂ ಇಲ್ಲ. ಪರಿಸರ ಕಾಯ್ದೆಯಲ್ಲಿ ಮೊದಲು ಜೈಲಿನ ಮಾತಿತ್ತು. 2024ರ ಏಪ್ರಿಲ್ 1ರಿಂದ ಅದರ ಜಾಗದಲ್ಲಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂದಿದೆ.

ವಿನಾಯಿತಿ ಇದೆ ಅಂತ ನಿರಾಳ ಆದವರಿಗೂ ಒಂದು ಮಾತು. ನಿಷೇಧದಲ್ಲಿ ಸಣ್ಣವರು ದೊಡ್ಡವರು ಅಂತ ಇಲ್ಲ. ಪೇಡೆ ಡಬ್ಬಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತುತ್ತಾರಲ್ಲ, ಅದು 2022ರ ಜುಲೈ 1ರಿಂದ ದೇಶದಲ್ಲೆಲ್ಲ ಬಂದ್. ಮದುವೆ ಆಮಂತ್ರಣ ಪತ್ರಿಕೆಯ ಮೇಲಿನ ಹಾಳೆಯೂ ಬಂದ್, ಗದಗ-ಬೆಟಗೇರಿಯ ಪ್ರೆಸ್ಸಿನವರು ಇದನ್ನು ಗಮನಿಸಬೇಕು. ಕೈಚೀಲದ ವಿಷಯದಲ್ಲಿ, ನಮ್ಮದು 120 ಮೈಕ್ರಾನ್ ಐತ್ರಿ ಅಂತ ವಾದ ಮಾಡುವವರು ಸಿಗುತ್ತಾರೆ. ಅಷ್ಟು ದಪ್ಪ ಇದ್ದರೆ ನಡೆಯುತ್ತದೆ ಅನ್ನುವುದು ಕೇಂದ್ರದ ನಿಯಮ. ಕರ್ನಾಟಕದಲ್ಲಿ 2016ರ ಮಾರ್ಚಿನಿಂದಲೇ ಪ್ಲಾಸ್ಟಿಕ್ ಕೈಚೀಲ ಎಷ್ಟೇ ದಪ್ಪ ಇದ್ದರೂ ನಿಷೇಧ. ಮಾಲು ತುಂಬಿ ಸೀಲ್ ಮಾಡಿದ ಪಾಕೀಟು ಬೇರೆ, ಅಂಗಡಿಯಲ್ಲಿ ಸಾಮಾನು ಹಾಕಿ ಕೊಡುವ ಚೀಲ ಬೇರೆ.

ಪ್ಲಾಸ್ಟಿಕ್ ಬಿಟ್ಟು ಬೇರೆ ಕಸದ ಬಗ್ಗೆ ಎರಡು ಮಾತು. ಗೋಕುಲ ರೋಡಿನ ವರ್ಕ್‌ಶಾಪುಗಳಲ್ಲಿ ಉಳಿಯುವ ಹಳೆ ಎಣ್ಣೆ ಅಪಾಯಕಾರಿ ತ್ಯಾಜ್ಯ. ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ, ಮಂಡಳಿಯ ಅನುಮತಿ ಪಡೆದವರು ವರ್ಷದ ಲೆಕ್ಕವನ್ನು ಜೂನ್ 30ರೊಳಗೆ ಕೊಡಬೇಕು. ಆಸ್ಪತ್ರೆಗಳ ವಾರ್ಷಿಕ ವರದಿಗೂ ಅದೇ ತಾರೀಖು. ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಬರುವ ಹೋಟೆಲು, ಕಲ್ಯಾಣ ಮಂಟಪಗಳು ದೊಡ್ಡ ಪ್ರಮಾಣದ ಕಸದವರ ಪಟ್ಟಿಗೆ ಬರುತ್ತವೆ, ಅವರ ಹೊಣೆ ಮನೆಯವರಿಗಿಂತ ಜಾಸ್ತಿ. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಕ್ಕೆ 3 ಕೆಲಸದ ದಿನ ಮುಂಚೆ ಪಾಲಿಕೆಗೆ ತಿಳಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿದ್ದರು. ನಮ್ಮ ಕಡೆ ನೂರು ಜನಕ್ಕಿಂತ ಕಡಿಮೆ ಸೇರುವ ಮದುವೆ ಯಾವುದು ಹೇಳಿ!

ಗುರಿ ಇರುವವರು ಪಾಕೀಟಿನ ಮೇಲಿನ ಮುದ್ರಣವನ್ನೂ ಒಮ್ಮೆ ನೋಡಿಕೊಳ್ಳಿ. ನೋಂದಣಿ ಸಂಖ್ಯೆ ಮೊದಲಾದ ವಿವರವನ್ನು 2025ರ ಜುಲೈ 1ರಿಂದ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡಿನ ಮೂಲಕವೂ ಕೊಡಬಹುದು. ಮುಂದಿನ ರೋಲಿಗೆ ಮುದ್ರಣದ ಸಿಲಿಂಡರ್ ಮಾಡಿಸುವ ಮೊದಲೇ ವಿನ್ಯಾಸದಲ್ಲಿ ಅದಕ್ಕೆ ಜಾಗ ಬಿಡಿಸಿ, ಒಮ್ಮೆ ಸಿಲಿಂಡರ್ ಆದ ಮೇಲೆ ಬದಲಿಸಲು ದುಡ್ಡು ದಂಡ. ಅನುಮಾನ ಇದ್ದವರು ಏಜೆಂಟರಿಗೆ ಮುಂಗಡ ಕೊಡುವ ಮೊದಲು ಉದ್ಯಮ್ ಪತ್ರ, ಹಿಂದಿನ ಎರಡು ವರ್ಷದ ಪ್ಯಾಕಿಂಗ್ ಬಿಲ್ಲು, ಒಂದೊಂದು ಖಾಲಿ ಪಾಕೀಟಿನ ಮಾದರಿ ಹಿಡಿದುಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಿ ಕೇಳಿ. ಕೇಳುವುದಕ್ಕೆ ಫೀ ಇಲ್ಲ.

ನಮಸ್ಕಾರ.