ಹೆಸರು ಹಿಡಿದು ಸ್ತೋತ್ರ ಹೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಬೆಳಿಗ್ಗೆ ಎದ್ದ ಮೇಲೆ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳಿದಿರಾ? ಹೇಳಿರುತ್ತೀರಿ. ಯಾವುದಕ್ಕೆ ಹೇಳಿದಿರಿ? ಇಲ್ಲಿ ಸ್ವಲ್ಪ ಯೋಚನೆ ಮಾಡಬೇಕಾಗುತ್ತದೆ, ಅಲ್ವಾ?

ಧಾರವಾಡ ಆಕಾಶವಾಣಿಯವರು ನನಗೆ ಕೊಟ್ಟ ಈ ವಿಷಯ ದೊಡ್ಡದು, ಹೊತ್ತು ಸಣ್ಣದು. ಅದಕ್ಕೆ ಒಂದೇ ಮಾತು ಹೇಳುತ್ತೇನೆ. ಅದನ್ನೇ ತಿರುಗಿ ತಿರುಗಿ ಹೇಳುತ್ತೇನೆ. ದೇವರಿಗೆ ಸ್ತೋತ್ರ ಹೇಳುವಾಗ ಹೆಸರು ಹಿಡಿದು ಹೇಳಿ. ಯಾವ ಉಪಕಾರ ಎಂದು ಹೇಳಿ. ಅದು ಯಾರ ಕೈಯಿಂದ ಬಂತು ಎಂದು ಹೇಳಿ. ನಾಳೆಗೆ ಇಡಬೇಡಿ, ಇವತ್ತೇ ಹೇಳಿ.

ನಮ್ಮ ಕ್ರೈಸ್ತ ಸಭೆಗಳಲ್ಲಿ ಸ್ತೋತ್ರಕ್ಕೆ ಬರ ಇಲ್ಲ. ಹುಬ್ಬಳ್ಳಿಯಲ್ಲಿ, ಧಾರವಾಡದಲ್ಲಿ, ಗದಗ-ಬೆಟಗೇರಿಯಲ್ಲಿ, ಭಾನುವಾರ ಬೆಳಿಗ್ಗೆ ಯಾವ ದೇವಾಲಯದ ಬಾಗಿಲಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಆರಾಮ ಇದ್ದೀರಾ ಎಂದರೆ ಸ್ತೋತ್ರ. ಮಗಳ ಲಗ್ನ ಗೊತ್ತಾಯಿತಾ ಎಂದರೆ ಸ್ತೋತ್ರ. ಒಳ್ಳೆಯದೇ. ಬಾಯಲ್ಲಿ ಬರಲಿ. ಆದರೆ ಮನೆಯಲ್ಲಿ ರಾತ್ರಿ ಕುಟುಂಬ ಪ್ರಾರ್ಥನೆಗೆ ಕೂತಾಗ ಏನಾಗುತ್ತದೆ ನೋಡಿ. "ದೇವರೇ, ನೀನು ಮಾಡಿದ ಎಲ್ಲಾ ಉಪಕಾರಗಳಿಗಾಗಿ ಸ್ತೋತ್ರ." ಒಂದೇ ಸಾಲು. ಮುಗಿಯಿತು. ಆಮೇಲೆ ಬೇಡುವುದು ಶುರುವಾಗುತ್ತದೆ. ಮಗನ ಇಂಟರ್‌ವ್ಯೂ, ಯಾವ ಕಂಪನಿ, ಎಷ್ಟು ಗಂಟೆಗೆ. ಅಪ್ಪನ ಶುಗರ್, ಅವ್ವನ ಮೊಣಕಾಲು. ಸಾಲದ ಕಂತು, ಅದರ ತಾರೀಖು. ಬೇಡುವಾಗ ಕಿರಾಣಿ ಅಂಗಡಿಗೆ ಕೊಡುವ ಚೀಟಿಯ ಹಾಗೆ ಒಂದೂ ಬಿಡದೆ ಬರೆದು ಕೊಡುತ್ತೇವೆ. ಸ್ತೋತ್ರಕ್ಕೆ ಮಾತ್ರ "ಎಲ್ಲಾ" ಎಂಬ ಒಂದು ಮಾತು ಸಾಕು ಅನ್ನಿಸುತ್ತದೆ. ಸಾಲದು. ಬೇಡುವಾಗ ಇರುವ ನೆನಪು ಸಿಕ್ಕ ಮೇಲೆ ಎಲ್ಲಿಗೆ ಹೋಗುತ್ತದೆ?

ಬೈಬಲಿನಲ್ಲಿ 136ನೆಯ ಕೀರ್ತನೆ ತೆಗೆದು ನೋಡಿ. 26 ವಚನಗಳಿವೆ. ಪ್ರತಿ ವಚನದ ಕೊನೆಗೂ ಆತನ ಕೃಪೆ ಶಾಶ್ವತ ಎಂಬ ಮಾತು ಬರುತ್ತದೆ. ಸಭೆಯಲ್ಲಿ ಅದನ್ನು ಓದುವಾಗ ಎಲ್ಲರೂ ಆ ಮಾತಿಗೆ ಮಾತ್ರ ದನಿ ಏರಿಸುತ್ತಾರೆ. ಮೊದಲಿನ ಅರ್ಧವನ್ನೂ ಗಮನವಿಟ್ಟು ಓದಿ. ಹಗಲಿಗೆ ಸೂರ್ಯನನ್ನು ಕೊಟ್ಟ. ರಾತ್ರಿಗೆ ಚಂದ್ರ, ನಕ್ಷತ್ರ. ಕೆಂಪು ಸಮುದ್ರ ದಾಟಿಸಿದ. ಅರಣ್ಯದಲ್ಲಿ ನಡೆಸಿದ. ಎದುರಿಗೆ ಬಂದ ಅರಸರ ಹೆಸರು ಕೂಡ ಇದೆ, ಅಮೋರಿಯರ ಸೀಹೋನ, ಬಾಷಾನಿನ ಓಗ. ಕೊನೆಗೆ ಎಲ್ಲಾ ಜೀವಿಗಳಿಗೂ ಅನ್ನ ಕೊಡುವವನು ಎಂದು ಬರುತ್ತದೆ. ಒಂದೊಂದೇ ಉಪಕಾರ, ಒಂದೊಂದಕ್ಕೂ ಬೇರೆ ಸ್ತೋತ್ರ. ಇಸ್ರಾಯೇಲರು ಸ್ತೋತ್ರ ಹೇಳಿದ್ದು ಹೀಗೆ.

ಇನ್ನೊಂದು ಜಾಗ ತೋರಿಸುತ್ತೇನೆ. ಜಾಸ್ತಿ ಜನ ಅದನ್ನು ಓದದೆ ದಾಟಿ ಹೋಗುತ್ತಾರೆ. ಬೈಬಲಿನ ಯಾಜಕಕಾಂಡ ಎಂಬ ಪುಸ್ತಕದ 7ನೆಯ ಅಧ್ಯಾಯ. ಒಬ್ಬ ಮನುಷ್ಯ ಕೃತಜ್ಞತೆಗಾಗಿ ಯಜ್ಞ ಕೊಡುತ್ತಾನೆ. ಅದರ ಜೊತೆಗೆ ರೊಟ್ಟಿಗಳನ್ನೂ ತರುತ್ತಾನೆ. ನಿಯಮ ಏನು ಗೊತ್ತೇ? ಆ ಮಾಂಸವನ್ನು ಅದೇ ದಿನ ಊಟ ಮಾಡಬೇಕು. ಬೆಳಗಿನವರೆಗೆ ಏನೂ ಉಳಿಸಬಾರದು. ಈಗ ನೀವೇ ಹೇಳಿ, ಒಂದು ಮನೆಯವರು ಒಂದು ದಿನದಲ್ಲಿ ಅಷ್ಟನ್ನು ತಿಂದು ಮುಗಿಸಲು ಆಗುತ್ತದೆಯೇ? ನೆರೆಯವರನ್ನು ಕರೆಯಲೇಬೇಕು. ಬಂದವರು ಕೇಳುತ್ತಾರೆ, ಏನು ವಿಶೇಷ ಎಂದು. ಆಗ ಬಾಯಿಬಿಟ್ಟು ಹೇಳಲೇಬೇಕು. ದೇವರು ನನಗೆ ಇಂಥದ್ದು ಮಾಡಿದ ಎಂದು. ಆ ನಿಯಮ ಇಟ್ಟವನಿಗೆ ನಮ್ಮ ಸ್ವಭಾವ ಚೆನ್ನಾಗಿ ಗೊತ್ತಿತ್ತು.

ಒಂದು ಘಟನೆ ಹೇಳುತ್ತೇನೆ. ಇದನ್ನು ನಾನು ಹೋದ ಕಡೆಯೆಲ್ಲಾ ಹೇಳುತ್ತೇನೆ, ಇಲ್ಲಿಯೂ ಬಿಡುವುದಿಲ್ಲ.

ಬಹಳ ಹಿಂದೆ ಗದಗ ಸೀಮೆಯ ಒಂದು ಎರಿ ಭೂಮಿ ಹಳ್ಳಿಯಲ್ಲಿ ನಾನು ಸಭಾಪಾಲಕನಾಗಿದ್ದೆ. ಸಣ್ಣ ಸಭೆ. ಬಹಳ ಮಂದಿ ಹೊಲ ಮಾಡುವವರು, ಕೂಲಿಗೆ ಹೋಗುವವರು. ಸುಗ್ಗಿ ಹಬ್ಬ ಅಂದರೆ ಅಲ್ಲಿ ಕ್ರಿಸ್ಮಸ್ಸಿಗಿಂತ ಸಡಗರ. ಕ್ರೈಸ್ತರಲ್ಲದ ಕೇಳುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಆ ಭಾನುವಾರ ಪ್ರತಿಯೊಬ್ಬರೂ ತಮ್ಮ ಹೊಲದ್ದೋ ಮನೆಯದ್ದೋ ಏನಾದರೂ ತಂದು ದೇವರ ಮುಂದೆ ಇಡುತ್ತಾರೆ. ಜೋಳದ ತೆನೆ, ಶೇಂಗಾ, ಕುಸುಬಿ, ಉಳ್ಳಾಗಡ್ಡಿ, ಕುಂಬಳಕಾಯಿ, ಜವಾರಿ ಕೋಳಿ, ಮೊಟ್ಟೆ. ಹೊಲ ಇಲ್ಲದವರು ಕೌದಿ ಹೊಲಿದು ತರುತ್ತಾರೆ. ಆರಾಧನೆ ಮುಗಿದ ಮೇಲೆ ಹೊರಗೆ ಬೇವಿನ ಮರದ ಕೆಳಗೆ ಎಲ್ಲದರ ಲಿಲಾವು. ಕೊಂಡವರು ಎಷ್ಟೋ ಸಲ ಅದನ್ನೇ ದೇವರಿಗೆ ತಿರುಗಿ ಕೊಡುತ್ತಾರೆ. ಮತ್ತೆ ಕೂಗುತ್ತಾರೆ. ಹೀಗೆ ಒಂದು ಕುಂಬಳಕಾಯಿ ಐದಾರು ಮಂದಿಯ ಕೈ ದಾಟುತ್ತದೆ.

ಆ ವರ್ಷ ಮುಂಗಾರಿ ಕೈಕೊಟ್ಟಿತ್ತು. ಹಿಂಗಾರಿಗೆ ಸ್ವಲ್ಪ ಹದ ಆಯಿತು. ಅಷ್ಟರಲ್ಲೇ ಬಿತ್ತಿದರು. ಜೋಳ ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿತು. ಕಡಲೆ ಅಲ್ಲೊಂದು ಇಲ್ಲೊಂದು ಕಾಯಿ ಹಿಡಿಯಿತು. ಹಬ್ಬದ ಮಾತು ಬಂದಾಗ ಸಭೆಯ ಹಿರಿಯರೊಬ್ಬರು ನೇರವಾಗಿ ಹೇಳಿದರು. "ಈ ವರ್ಷ ಹಬ್ಬ ಬ್ಯಾಡ್ರಿ ಅಯ್ಯನವ್ರ. ಏನ್ ತಂದು ಇಡೂಣು ದೇವ್ರ ಮುಂದ?" ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಾನು, "ಇದ್ದದ್ದು ತರ್ರಿ. ಇಲ್ಲದಿದ್ರ ಬರೇ ಕೈಲೆ ಬರ್ರಿ," ಅಂದೆ.

ಭಾನುವಾರ ಬಂತು. ಒಬ್ಬೊಬ್ಬರೇ ಮುಂದೆ ಬಂದು, ತಂದದ್ದನ್ನು ಇಟ್ಟು, ತಲೆ ತಗ್ಗಿಸಿ ತಿರುಗಿ ಹೋಗುತ್ತಿದ್ದರು. ಆಮೇಲೆ ಒಬ್ಬ ಆಯಿ ಎದ್ದರು. ಸೆರಗಿನಲ್ಲಿ ಅರ್ಧ ಸೇರು ಕಡಲೆ ಕಟ್ಟಿಕೊಂಡು ಬಂದಿದ್ದರು. ಅದನ್ನು ಬುಟ್ಟಿಗೆ ಸುರಿದು ಅಲ್ಲೇ ನಿಂತರು. ಕಣ್ಣು ಮುಚ್ಚಲಿಲ್ಲ. ಎದುರಿಗಿರುವವರ ಜೊತೆ ಮಾತಾಡುವ ಹಾಗೆ ದೇವರ ಜೊತೆ ಮಾತಾಡಿದರು.

"ದೇವ್ರ, ಇದು ನಿಂದು. ಕೆರಿ ಕೆಳಗಿನ ಬಾವಿ ಬತ್ತಲಿಲ್ಲ, ಅದಕ್ಕ ಸ್ತೋತ್ರ. ಸೊಸಿ ಜರ್ಮನ್ ದವಾಖಾನ್ಯಾಗ ಹಡದ್ಲು, ತಾಯಿ ಕೂಸು ಇಬ್ರೂ ಉಳದ್ರು, ಅದಕ್ಕ ಸ್ತೋತ್ರ." ಬೆಟಗೇರಿಯಲ್ಲಿ ಮಿಶನ್ನಿನವರು ಕಟ್ಟಿದ ಆಸ್ಪತ್ರೆಗೆ ಆ ಕಡೆಯ ಜನ ಹೇಳುವುದು ಜರ್ಮನ್ ದವಾಖಾನೆ ಎಂದೇ. ರಾತ್ರಿಯೆಲ್ಲಾ ಸೊಸೆಯ ಪಕ್ಕದಲ್ಲಿ ಕೂತಿದ್ದ ಸಿಸ್ಟರ್ ಹೆಸರನ್ನೂ ಆಯಿ ಹೇಳಿದರು. ಆಮೇಲೆ, "ಬಿತ್ತೂ ಹೊತ್ತಿಗೆ ನನ್ನ ಎತ್ತು ಕುಂಟಾಗಿ ಕೂತಿತ್ತು. ಎರಡು ದಿನ ಎತ್ತು, ಕೂರಿಗಿ ಕಳಿಸಿದ ಮನಷ್ಯಾಗ ನಿನ್ನ ಆಶೀರ್ವಾದ ಇರ್ಲಿ," ಎಂದು ಒಂದು ಹೆಸರು ಹೇಳಿದರು.

ಇಡೀ ಸಭೆ ತಿರುಗಿ ನೋಡಿತು. ಯಾಕೆಂದರೆ ಅದು ಹಬ್ಬ ಬೇಡ ಎಂದಿದ್ದ ಆ ಹಿರಿಯರ ಹೆಸರು. ಅವರಿಗೂ ಆಯಿಗೂ ಬದುವಿನ ಜಗಳ. ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತಿರಲಿಲ್ಲ. ಆದರೆ ಹದ ಆರಿದರೆ ವರ್ಷವೇ ಹೋಯಿತು, ಇದು ಪ್ರತಿ ರೈತನಿಗೂ ಗೊತ್ತು. ಜಗಳ ಜಗಳದ ಪಾಡಿಗೆ ಇರಲಿ ಎಂದು ಅವರು ಎತ್ತು ಕಳಿಸಿದ್ದರು. ಕಳಿಸಿ ಒಂದು ಮಾತೂ ಆಡಿರಲಿಲ್ಲ. ಆಯಿಯೂ ಅವತ್ತಿನವರೆಗೆ ಒಂದು ಮಾತು ಆಡಿರಲಿಲ್ಲ.

ಸ್ವಲ್ಪ ಯೋಚನೆ ಮಾಡಿ. ಆಯಿ "ಎಲ್ಲಾ ಉಪಕಾರಗಳಿಗೆ ಸ್ತೋತ್ರ" ಎಂದು ಹೇಳಿ ಕೂತಿದ್ದರೆ? ಬಾವಿಯೂ ಕಾಣುತ್ತಿರಲಿಲ್ಲ, ಸಿಸ್ಟರ್ ಕೂಡ ಕಾಣುತ್ತಿರಲಿಲ್ಲ, ಆ ಎತ್ತುಗಳೂ ಕಾಣುತ್ತಿರಲಿಲ್ಲ. ಹೆಸರು ಹಿಡಿದು ಹೇಳಿದ್ದಕ್ಕೆ ದೇವರು ಯಾವ ದಾರಿಯಿಂದ ಆ ಮನೆಗೆ ಬಂದ ಎಂದು ಊರಿಗೇ ಗೊತ್ತಾಯಿತು. ವೈರಿಯ ಕೂರಿಗೆಯ ದಾರಿಯಿಂದ ಬಂದಿದ್ದ!

ಆಯಿ ಕೂತ ಮೇಲೆ ಇನ್ನೊಬ್ಬರು ಎದ್ದರು. ಒಬ್ಬ ಹುಡುಗ ಪರೀಕ್ಷೆಯಲ್ಲಿ ಪಾಸಾದದ್ದನ್ನು ಹೇಳಿ, ರಾತ್ರಿ ಲೆಕ್ಕ ಹೇಳಿಕೊಟ್ಟ ಮಾಸ್ತರರ ಹೆಸರು ಹೇಳಿದ. ಗಂಡನನ್ನು ಕಳಕೊಂಡ ಒಬ್ಬ ತಂಗಿ, ತಿಂಗಳುಗಟ್ಟಲೆ ರೊಟ್ಟಿ ಕಟ್ಟಿ ಕಳಿಸಿದ ಬಾಜೂಮನೆಯ ಅಕ್ಕನ ಹೆಸರು ಹೇಳಿದಳು. ಆ ಅಕ್ಕ ನಮ್ಮ ಸಭೆಯವರೂ ಅಲ್ಲ. ಬರೆದು ತಂದ ಪ್ರಸಂಗವನ್ನು ನಾನು ಬೈಬಲಿನೊಳಗೆ ಇಟ್ಟುಬಿಟ್ಟೆ. ಅವತ್ತಿನ ಪ್ರಸಂಗ ಅವರೇ ಮಾಡುತ್ತಿದ್ದರು. ಲಿಲಾವಿನಲ್ಲಿ ಆಯಿಯ ಕಡಲೆಗೆ ಮೊದಲು ಕೂಗಿದವರು ಆ ಹಿರಿಯರೇ. ಕೊಂಡು, ಬುಟ್ಟಿಗೇ ತಿರುಗಿ ಹಾಕಿ, "ಮತ್ತ ಕೂಗ್ರಿ" ಅಂದರು. ಆ ಹಣವನ್ನು ಮುಂದಿನ ಬಿತ್ತನೆ ಬೀಜಕ್ಕೆ ಇಟ್ಟೆವು. ಬದುವಿನ ತಕರಾರು ಮುಗಿಯಲಿಲ್ಲ. ಆಮೇಲೂ ಇಬ್ಬರೂ ತಹಶೀಲ್ದಾರ ಕಚೇರಿಗೆ ಓಡಾಡಿದರು. ಆದರೆ ಒಂದೇ ಬಸ್ಸಿನಲ್ಲಿ, ಮಾತಾಡುತ್ತಾ.

ಹೊತ್ತು ಬಹಳ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. ಯೇಸು ವಾಸಿಮಾಡಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಸ್ತೋತ್ರ ಹೇಳಲು ತಿರುಗಿ ಬಂದ ಒಬ್ಬನ ವಿಷಯ ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಕಷ್ಟದಲ್ಲಿದ್ದೇವೆ, ಸ್ತೋತ್ರ ಹೇಗೆ ಹೇಳಲಿ ಎಂದು ಕೇಳುವವರಿದ್ದಾರೆ. ಫಿಲಿಪ್ಪಿ ಊರಿನ ಸೆರೆಮನೆಯಲ್ಲಿ, ಯೇಸುವಿನ ವಿಷಯ ಸಾರುತ್ತಿದ್ದ ಪೌಲ ಮತ್ತು ಸೀಲ ಪೆಟ್ಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು, ನಡುರಾತ್ರಿಯಲ್ಲಿ ಹಾಡಿದರು. ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು. ಸ್ವಾಮಿ ಯೇಸು ಸ್ತೋತ್ರಮಾಡಿ ರೊಟ್ಟಿ ಮುರಿದದ್ದು ಯಾವ ರಾತ್ರಿ? ತಾನು ಹಿಡಿದುಕೊಡಲ್ಪಟ್ಟ ರಾತ್ರಿ. ಆ ಊಟವನ್ನು ನೆನೆಯುವ ರಾತ್ರಿಭೋಜನದ ಆರಾಧನೆಯಲ್ಲಿ ಪ್ರತಿ ಸಲ ಇದನ್ನು ಕೇಳುತ್ತೇವೆ. ಐದು ಸಾವಿರ ಮಂದಿಗೆ ಊಟ ಕೊಟ್ಟ ದಿನವೂ ಅಷ್ಟೇ. ಕೈಯಲ್ಲಿ ಐದೇ ರೊಟ್ಟಿ ಇದ್ದಾಗ ಸ್ತೋತ್ರ ಮಾಡಿದ. ಎಲ್ಲರೂ ಉಂಡು, ಉಳಿದ ತುಂಡುಗಳಿಂದ ಹನ್ನೆರಡು ಪುಟ್ಟಿ ತುಂಬಿದ ಮೇಲೆ ನೋಡೋಣ ಎನ್ನಲಿಲ್ಲ.

ಇನ್ನು ಊಟದ ಪ್ರಾರ್ಥನೆ. ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ, ಕಣ್ಣು ತೆರೆದ ಕೂಡಲೇ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಗೊಣಗುವುದು. ಇದನ್ನು ನೋಡಿದರೆ ನನಗೆ ತಡೆಯುವುದಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿದವರ ಹೆಸರನ್ನು ಆ ಪ್ರಾರ್ಥನೆಯಲ್ಲಿ ಹೇಳಿ. ಗಂಡಸರು ಮುಖ್ಯವಾಗಿ ಹೇಳಿ. ಮಕ್ಕಳಿಗೂ ಅಭ್ಯಾಸ ಮಾಡಿಸಿ. ಮಲಗುವ ಮುಂಚೆ, ಇವತ್ತು ದೇವರು ಯಾರ ಕೈಯಿಂದ ಏನು ಕೊಟ್ಟ ಎಂದು ಕೇಳಿ. ಅವರು ಹೇಳುವ ಹೆಸರುಗಳು ನಮಗೆ ಹೊಳೆಯುವುದೇ ಇಲ್ಲ. ಬಸ್ಸಿನ ಕಂಡಕ್ಟರ್ ಮಾಮಾ, ಪೆನ್ಸಿಲ್ ಕೊಟ್ಟ ಗೆಳತಿ.

ಸ್ತೋತ್ರ ಕಾಣಿಕೆಯ ಲಕೋಟೆಯ ಮೇಲೆ ಕೊಟ್ಟವರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಯಾವ ಉಪಕಾರಕ್ಕೆ ಎಂಬ ಜಾಗ ಖಾಲಿ ಇರುತ್ತದೆ. ದಯವಿಟ್ಟು ಇದನ್ನು ತಿರುಗಿಸಿ. ನಿಮ್ಮ ಹೆಸರು ಬಿಟ್ಟರೂ ನಡೆಯುತ್ತದೆ, ಉಪಕಾರ ಬರೆಯಿರಿ.

ರೋಮಾಪುರದ ಸಭೆಗೆ ಪೌಲ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ಈ ವಾರ ಓದಿ. ಬರೀ ಹೆಸರುಗಳೇ ಇವೆ ಎಂದು ಬಿಟ್ಟುಬಿಡುತ್ತೇವಲ್ಲ, ಅದೇ ಅಧ್ಯಾಯ. ಪೌಲ ಹೇಳುತ್ತಾನೆ, ಫೊಯಿಬೆ ನನಗೆ ಸಹಾಯ ಮಾಡಿದಳು. ಪ್ರಿಸ್ಕಿಲ್ಲಳೂ ಅಕ್ವಿಲನೂ ನನಗಾಗಿ ಜೀವವನ್ನೇ ಒಡ್ಡಿದರು. ರೂಫನ ತಾಯಿ ನನಗೂ ತಾಯಿ. ಅಷ್ಟು ದೊಡ್ಡ ಪತ್ರ ಬರೆದ ಮನುಷ್ಯ "ಎಲ್ಲರಿಗೂ ವಂದನೆ" ಎಂದು ಮುಗಿಸಬಹುದಿತ್ತು. ಮುಗಿಸಲಿಲ್ಲ.

ಕೊನೆಗೆ ಸಭೆಯ ಹಿರಿಯರಿಗೆ ಒಂದು ವಿನಂತಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆಸಿದರು. ನಮ್ಮ ವಾರ್ಷಿಕೋತ್ಸವಗಳಲ್ಲಿ ಅವರ ಹೆಸರು ಓದುತ್ತೇವೆ. ಓದಲೇಬೇಕು. ಆದರೆ ಅವರಿಗೆ ಕನ್ನಡ ಕಲಿಸಿದವರು ಈ ನೆಲದವರೇ ಅಲ್ವಾ? ಅವರ ಜೊತೆ ಹಳ್ಳಿ ಹಳ್ಳಿ ನಡೆದವರು, ಜಾತ್ರೆಯ ಬಿಸಿಲಲ್ಲಿ ಅವರಿಗೆ ನೀರು ಕೊಟ್ಟವರು ಯಾರು? ನಿಮ್ಮ ಸಭೆಯ ಹಳೆಯ ರಿಜಿಸ್ಟರುಗಳನ್ನು ತೆರೆಯಿರಿ. ವಯಸ್ಸಾದವರ ಮನೆಗೆ ಹೋಗಿ ಕೇಳಿ. ಸಿಕ್ಕ ಹೆಸರುಗಳನ್ನು ಬರೆದಿಡಿ. ಈಗ ಬೆಳಿಗ್ಗೆ ಬೇಗ ಬಂದು ಗಂಟೆ ಬಾರಿಸುವವರು, ಕಸ ಗುಡಿಸುವವರು, ಚಾಪೆ ಹಾಸುವವರು ಇದ್ದಾರಲ್ಲ, ಅವರ ಹೆಸರುಗಳನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಭಾನುವಾರ ಪ್ರಕಟಣೆಗಳು ಮುಗಿದ ಮೇಲೆ ಸಭೆಗೆ ಐದು ನಿಮಿಷ ಬಿಡಿ. ಯಾರಾದರೂ ಎದ್ದು, ಈ ವಾರ ದೇವರು ಮಾಡಿದ ಒಂದು ಉಪಕಾರ ಹೇಳಲಿ. ಮೊದಲ ವಾರ ಯಾರೂ ಏಳದಿದ್ದರೆ ಹಿರಿಯರೇ ಏಳಿ.

ನಮಸ್ಕಾರ.