ಉರಿಯಿಲ್ಲದ ಸೋಂಕು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ವೈದ್ಯೆಯಲ್ಲ. ರಾಯಚೂರಿನ ಒಂದು ಪ್ರಯೋಗಾಲಯದಲ್ಲಿ ಮೂತ್ರ, ಕಫ, ಕೀವುಗಳ ನಡುವೆ ವರ್ಷಗಟ್ಟಲೆ ದಿನ ಕಳೆದವಳು. ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ‘ಏನು ಕೆಲಸ ನಿಮ್ಮದು?’ ಎಂದು ಕೇಳಿದರೆ ಮಾತು ತೇಲಿಸಿಬಿಡುತ್ತೇನೆ. ಈ ಹೊತ್ತು ತೇಲಿಸುವ ಹಾಗಿಲ್ಲ. ಮಾತನಾಡಬೇಕಿರುವುದೇ ಬಸುರಿಯರ ಮೂತ್ರದ ಬಗ್ಗೆ. ರೇಡಿಯೊ ಮುಂದೆ ಮನೆಯ ಗಂಡಸರು ಕುಳಿತಿದ್ದರೆ ಎದ್ದು ಹೋಗಬೇಡಿ. ನೀವೂ ಕೇಳಬೇಕಾದದ್ದೇ.

ಕಳೆದ ಬೇಸಿಗೆಯಲ್ಲಿ ಮಾನ್ವಿ ಕಡೆಯ ಒಬ್ಬ ಹುಡುಗಿ ಅತ್ತೆಯ ಜೊತೆ ಬಂದಿದ್ದಳು. ಚೊಚ್ಚಲ ಬಸಿರು, ನಾಲ್ಕು ತಿಂಗಳು. ವೈದ್ಯರು ಮೂತ್ರದ ಕಲ್ಚರ್ ಪರೀಕ್ಷೆ, ಅಂದರೆ ಮೂತ್ರದಲ್ಲಿನ ಬ್ಯಾಕ್ಟೀರಿಯವನ್ನು ಬೆಳೆಸಿ ನೋಡುವ ಪರೀಕ್ಷೆ, ಬರೆದುಕೊಟ್ಟಿದ್ದರು. ಅತ್ತೆ ತಾಯಿ ಕಾರ್ಡು ತೆಗೆದು, ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಮೂತ್ರ ಪರೀಕ್ಷೆ ಆಗಿದೆಯಲ್ಲ ಮೇಡಂ, ಇಲ್ಲೇ ಬರೆದಿದ್ದಾರೆ. ಮತ್ತೆ ಏಕೆ?’ ಎಂದರು. ಸೊಸೆ ಮೆಲ್ಲಗೆ, ‘ನನಗೆ ಉರಿಯೂ ಇಲ್ಲ, ನೋವೂ ಇಲ್ಲ ಅಕ್ಕಾ’ ಎಂದಳು.

ಇಬ್ಬರೂ ಹೇಳಿದ್ದು ನಿಜ. ಆದರೂ ಆ ಪರೀಕ್ಷೆ ಬೇಕಿತ್ತು.

ಮೊದಲು ಅತ್ತೆಯ ಮಾತಿಗೆ ಬರುತ್ತೇನೆ. ಪ್ರತಿ ಸಲ ತಪಾಸಣೆಗೆ ಹೋದಾಗ ಒಂದು ಬಣ್ಣದ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡುತ್ತಾರಲ್ಲ, ಅದು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಹೇಳುತ್ತದೆ: ಅಲ್ಬುಮಿನ್ ಎಂಬ ಪ್ರೋಟೀನ್ ಇದೆಯೇ, ಸಕ್ಕರೆ ಇದೆಯೇ. ಮೊದಲನೆಯದು ರಕ್ತದೊತ್ತಡ ಏರುವ ಬಸಿರಿನ ಕಾಯಿಲೆಯ ಸುಳಿವು, ಎರಡನೆಯದು ಮಧುಮೇಹದ್ದು. ಎರಡೂ ಬೇಕೇ ಬೇಕು. ಆದರೆ ಮೂತ್ರದಲ್ಲಿ ಬ್ಯಾಕ್ಟೀರಿಯ ಮನೆ ಮಾಡಿಕೊಂಡಿದೆಯೇ ಎಂಬುದು ಆ ಪಟ್ಟಿಗೆ ಗೊತ್ತಾಗುವುದಿಲ್ಲ. ಹೆಚ್ಚು ಚೌಕಗಳಿರುವ ಪಟ್ಟಿಗಳು ಸೋಂಕಿನ ಸುಳಿವು ಕೊಡುತ್ತವೆ. ಆದರೆ ಅವುಗಳ ಕಣ್ಣಿಗೂ ಬೀಳದೆ ತಪ್ಪಿಸಿಕೊಳ್ಳುವ ಸೋಂಕುಗಳು ಬಹಳ. ವಿಶ್ವ ಆರೋಗ್ಯ ಸಂಸ್ಥೆ 2016ರ ತನ್ನ ಮಾರ್ಗಸೂಚಿಯಲ್ಲಿ ಇದಕ್ಕೆ ಕಲ್ಚರ್ ಪರೀಕ್ಷೆಯೇ ಸರಿ ಎಂದಿತು. ಅದಿಲ್ಲದ ಕಡೆ ಮೂತ್ರಕ್ಕೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಪಟ್ಟಿಗಿಂತ ಮೇಲು ಎಂದಿತು. ಕಾರ್ಡಿನಲ್ಲಿ ‘ಮೂತ್ರ ಪರೀಕ್ಷೆ’ ಎಂದು ಬರೆದ ಮಾತ್ರಕ್ಕೆ ಸೋಂಕಿನ ಪರೀಕ್ಷೆ ಆಗಿದೆ ಎಂದಲ್ಲ. ಯಾವ ಪರೀಕ್ಷೆ ಎಂದು ಕೇಳಿ. ಕೇಳಿದರೆ ಬೈಯುತ್ತಾರೆ ಎಂಬ ಅಂಜಿಕೆ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಹೆಚ್ಚು. ಬೈದರೆ ಬೈಯಲಿ, ಕೇಳಿ.

ಇನ್ನು ಸೊಸೆಯ ಮಾತು. ಉರಿ ಇದ್ದರೆ ಯಾರೂ ಸುಮ್ಮನಿರುವುದಿಲ್ಲ. ‘ಉಷ್ಣ ಆಗಿದೆ’ ಎಂದು ಬಾರ್ಲಿ ನೀರನ್ನೋ ಮಜ್ಜಿಗೆಯನ್ನೋ ಕುಡಿದು, ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆಗೆ ಬರುತ್ತಾರೆ. ತೊಂದರೆ ಇರುವುದು ಉರಿಯೇ ಇಲ್ಲದ ಸೋಂಕಿನಲ್ಲಿ. ನೂರು ಬಸುರಿಯರನ್ನು ಪರೀಕ್ಷಿಸಿದರೆ ಎರಡರಿಂದ ಹತ್ತು ಜನರ ಮೂತ್ರದಲ್ಲಿ ಬ್ಯಾಕ್ಟೀರಿಯ ಸಿಗುತ್ತದೆ. ಅವರಿಗೆ ಯಾವ ತ್ರಾಸವೂ ಇರುವುದಿಲ್ಲ. ಬಸುರಿಯಲ್ಲದ ಆರೋಗ್ಯವಂತ ಹೆಂಗಸಿಗೆ ಹೀಗಿದ್ದರೆ ಸಾಮಾನ್ಯವಾಗಿ ಔಷಧಿಯನ್ನೇ ಕೊಡುವುದಿಲ್ಲ. ಬಸಿರಿನಲ್ಲಿ ಲೆಕ್ಕ ಬೇರೆ. ಪ್ರೊಜೆಸ್ಟರಾನ್ ಹಾರ್ಮೋನಿನಿಂದ ಮೂತ್ರನಾಳಗಳು ಸಡಿಲಗೊಂಡಿರುತ್ತವೆ. ಬೆಳೆಯುವ ಗರ್ಭಕೋಶ ಮೇಲಿನಿಂದ ಒತ್ತುತ್ತದೆ, ಅದೂ ಬಲಗಡೆಗೆ ತುಸು ವಾಲಿಕೊಂಡು. ಮೂತ್ರ ಹರಿಯುವುದು ನಿಧಾನವಾಗುತ್ತದೆ. ಕಾಲುವೆಯ ಪಕ್ಕದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೀರು ಹರಿಯುವಾಗ ಪಾಚಿ ನಿಲ್ಲುವುದಿಲ್ಲ, ನೀರು ಬಿಡುವುದನ್ನು ನಿಲ್ಲಿಸಿದ ಮೇಲೆ ಹೊಂಡಗಳಲ್ಲಿ ಹಸಿರು ಕಟ್ಟುತ್ತದೆ.

ಹಾಗೆ ನಿಂತ ಮೂತ್ರದಲ್ಲಿ ಬೆಳೆದ ಬ್ಯಾಕ್ಟೀರಿಯ ಮೇಲೇರಿ ಮೂತ್ರಪಿಂಡ ಸೇರಿದರೆ ನಡುಕದ ಚಳಿ, ಸುಡುವ ಜ್ವರ, ಪಕ್ಕೆಯಲ್ಲಿ ನೋವು, ಅದರಲ್ಲೂ ಬಲಪಕ್ಕೆಯಲ್ಲಿ, ಮೇಲೆ ವಾಂತಿ. ಉರಿಯಿಲ್ಲದ ಸೋಂಕಿಗೆ ಚಿಕಿತ್ಸೆ ಮಾಡದೆ ಬಿಟ್ಟರೆ ಅಂತಹ ಬಸುರಿಯರಲ್ಲಿ ನೂರಕ್ಕೆ ಮೂವತ್ತರವರೆಗೆ ಹೀಗಾಗಬಹುದೆಂದು ಹಳೆಯ ಅಧ್ಯಯನಗಳು ಹೇಳುತ್ತವೆ. ಇಂತಹ ಜ್ವರ ಬಂದರೆ ಕಷಾಯ ಕುದಿಸುತ್ತ ಕೂರಬೇಡಿ, ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ. ಸೋಂಕಿನಿಂದ ಮೈಯಲ್ಲಿ ಏಳುವ ಉರಿಯೂತ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತದೆ. ಹೆರಿಗೆಯ ಹೊತ್ತಿನಲ್ಲಿ ಗರ್ಭಕೋಶವನ್ನು ಕುಗ್ಗಿಸಿ, ಅದರ ಕೊರಳನ್ನು ಮೆತ್ತಗೆ ಮಾಡುವುದೂ ಅದೇ. ಹಾಗಾಗಿ ದಿನ ತುಂಬುವ ಮೊದಲೇ ನೋವು ಏಳಬಹುದು.

37 ವಾರ ತುಂಬುವ ಮೊದಲು ಹುಟ್ಟಿದರೆ ಅದು ಅವಧಿಪೂರ್ವ ಹೆರಿಗೆ. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ಹಾಗೆ ಹುಟ್ಟಿದವು. ಯಾವ ದೇಶದಲ್ಲೂ ಅಷ್ಟಿಲ್ಲ. ನಮ್ಮ ಹಿರಿಯರಲ್ಲಿ ಒಂದು ನಂಬಿಕೆ ಇದೆ: ಏಳಕ್ಕೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ. ಇದು ಯಾರ ಲೆಕ್ಕವೋ ತಿಳಿಯದು, ಶುದ್ಧ ತಪ್ಪು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಕೂಸಿನ ಶ್ವಾಸಕೋಶಕ್ಕೆ ಲಾಭವೇ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಈ ಸೋಂಕನ್ನು ಗುಣಪಡಿಸಿದರೆ ಮೂತ್ರಪಿಂಡದ ಜ್ವರದ ಅಪಾಯ ತಗ್ಗುತ್ತದೆ ಎಂಬುದಕ್ಕೆ ಅಧ್ಯಯನಗಳ ಆಧಾರವಿದೆ. ಅವಧಿಪೂರ್ವ ಹೆರಿಗೆ ಎಷ್ಟರಮಟ್ಟಿಗೆ ತಪ್ಪುತ್ತದೆ ಎಂಬುದರ ಬಗ್ಗೆ ತಜ್ಞರಲ್ಲಿ ಇನ್ನೂ ವಾದವಿದೆ. 2015ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ದೇಶದ ಒಂದು ಅಧ್ಯಯನದಲ್ಲಿ, ಚಿಕಿತ್ಸೆ ಪಡೆಯದವರಲ್ಲೂ ಮೂತ್ರಪಿಂಡದ ಸೋಂಕು ನೂರಕ್ಕೆ ಎರಡೂವರೆಯಷ್ಟೂ ಇರಲಿಲ್ಲ. ಅವಧಿಪೂರ್ವ ಹೆರಿಗೆಯ ಜೊತೆ ನಂಟೂ ಕಾಣಲಿಲ್ಲ. ಆದರೆ ಅವರು ಆರಿಸಿಕೊಂಡದ್ದು ಬೇರೆ ಯಾವ ತೊಡಕೂ ಇಲ್ಲದ ಬಸುರಿಯರನ್ನು. ನಲವತ್ತು ಡಿಗ್ರಿ ಬಿಸಿಲಲ್ಲಿ ಮೆಣಸಿನಕಾಯಿ ಬಿಡಿಸುವ, ರಕ್ತಹೀನತೆ ಇರುವ ನಮ್ಮ ಹೆಣ್ಣುಮಗಳಿಗೆ ಆ ಲೆಕ್ಕವನ್ನು ಹಾಗೆಯೇ ಹಚ್ಚಲು ನನಗೆ ಧೈರ್ಯವಿಲ್ಲ.

ಕೃಷ್ಣೆ, ತುಂಗಭದ್ರೆ ಎರಡರ ನಡುವೆ ಇರುವ ಜಿಲ್ಲೆ ನಮ್ಮದು. ಆದರೂ ನಾಟಿ ಹಚ್ಚಲು ಹೋದವರು ಬೆಳಗಿನಿಂದ ಸಂಜೆಯವರೆಗೆ ಒಂದು ತಂಬಿಗೆ ನೀರು ಪೂರ್ತಿ ಕುಡಿಯುವುದಿಲ್ಲ. ನೀರಿಲ್ಲ ಎಂದಲ್ಲ, ಕುಡಿದರೆ ಹೋಗಲು ಮರೆಯಿಲ್ಲ. ಕಾಲುಮಡಿ ತಡೆದುಕೊಂಡು ಬದುವಿನ ಮೇಲೆ ನಿಂತವಳಿಗೆ ‘ನೀರು ಹೆಚ್ಚು ಕುಡಿಯಮ್ಮ’ ಎಂದು ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಹೊಲದ ಒಡೆಯರು ನಾಲ್ಕು ಗೂಟ, ಒಂದು ಹಳೆಯ ತಾಡಪತ್ರಿ ಕಟ್ಟಿಸಿದರೆ ಮರೆಯಾಯಿತು. ಅಷ್ಟಕ್ಕೆ ಯಾರ ಆಸ್ತಿಯೂ ಕರಗುವುದಿಲ್ಲ.

ಈಗ ನನ್ನ ಮೇಜಿಗೆ ಬನ್ನಿ. ಒಂದು ತಂತಿಯ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಉಂಗುರವಿರುತ್ತದೆ. ಅದನ್ನು ಮೂತ್ರದಲ್ಲಿ ಅದ್ದಿದರೆ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲು ಮಾತ್ರ ಅಂಟಿ ಬರುತ್ತದೆ. ಅದನ್ನು ಜೆಲ್ಲಿಯಂತಹ ಆಹಾರ ತುಂಬಿದ ತಟ್ಟೆಯ ಮೇಲೆ ಗೀರಿ, 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಡುತ್ತೇವೆ. ಏಪ್ರಿಲ್‌ನಲ್ಲಿ ರಾಯಚೂರಿಗೆ ಆ ಪೆಟ್ಟಿಗೆ ಏಕೆ ಬೇಕು, ಕಿಟಕಿಯಲ್ಲಿಟ್ಟರೆ ಸಾಲದೇ ಎಂದು ನಾವೇ ನಗುತ್ತೇವೆ. ಬೆಳಿಗ್ಗೆ ತೆಗೆದಾಗ ಗುಲಾಬಿ ಬಣ್ಣದ ಚುಕ್ಕೆಗಳು ಎದ್ದಿರುತ್ತವೆ. ಹೆಚ್ಚಿನ ಸಲ ಅದು ಇ. ಕೋಲಿ, ನಮ್ಮ ಕರುಳಿನದೇ ಬ್ಯಾಕ್ಟೀರಿಯ. ಒಂದೊಂದು ಚುಕ್ಕೆಯೂ ಮೂಲದ ಒಂದು ಜೀವಿಯ ಸಂತಾನ. ನೂರು ಚುಕ್ಕೆ ಎದ್ದರೆ ಒಂದು ಮಿಲಿಲೀಟರಿನಲ್ಲಿ ಒಂದು ಲಕ್ಷ. ಬೋಸ್ಟನ್ನಿನ ಎಡ್ವರ್ಡ್ ಕ್ಯಾಸ್ ಎಂಬ ವೈದ್ಯರು 1950ರ ದಶಕದಲ್ಲಿ, ಇದಕ್ಕಿಂತ ಮೇಲಿದ್ದರೆ ಸೋಂಕು ಎಂದು ಹಾಕಿಕೊಟ್ಟ ಗೆರೆ ಅದು. ಮರುದಿನ ಯಾವ ಔಷಧಿಗೆ ಆ ಬ್ಯಾಕ್ಟೀರಿಯ ಸಾಯುತ್ತದೆ ಎಂದು ನೋಡುತ್ತೇವೆ. ಅದಕ್ಕೇ ವರದಿ ಕೈಗೆ ಬರಲು ಎರಡು ದಿನ ಹಿಡಿಯುತ್ತದೆ, ನಮ್ಮ ಸೋಮಾರಿತನದಿಂದಲ್ಲ.

ಈ ಲೆಕ್ಕ ಕೆಡುವುದು ಬಾಟಲಿಯಲ್ಲಿ. ಮನೆಯಿಂದ ಮಾವಿನ ರಸದ ಖಾಲಿ ಬಾಟಲಿಯಲ್ಲಿ ಮೂತ್ರ ತಂದವರೊಬ್ಬರಿಗೆ ಪಟ್ಟಿಯಲ್ಲಿ ಸಕ್ಕರೆ ಬಂದಿತ್ತು, ಪಾಪ, ಮನೆಯವರೆಲ್ಲ ಹೆದರಿದ್ದರು. ಬೆಳಿಗ್ಗೆ ಲಿಂಗಸುಗೂರಿನಲ್ಲಿ ಹಿಡಿದು ಬಸ್ಸಿನಲ್ಲಿ ತಂದದ್ದೂ ಕಲ್ಚರ್‌ಗೆ ಬಾರದು. ಅನುಕೂಲ ಸಿಕ್ಕರೆ ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಎರಡು ಗಂಟೆಯಲ್ಲಿ ಒಂದು ಅರವತ್ತನಾಲ್ಕಾಗುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲೇ, ಅವರು ಕೊಡುವ ಡಬ್ಬಿಯಲ್ಲೇ ಕೊಡಿ. ಕೈ ತೊಳೆದುಕೊಂಡು, ಆ ಜಾಗವನ್ನು ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಮೊದಲ ಧಾರೆಯನ್ನು ಬಿಟ್ಟುಬಿಡಿ, ನಡುವಿನದನ್ನು ಹಿಡಿಯಿರಿ, ಕೊನೆಯದೂ ಬೇಡ. ಮುಚ್ಚಳದ ಒಳಮೈ ಮುಟ್ಟಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಸಾಮಾನ್ಯವಾಗಿ ಇರುವುದಿಲ್ಲ. ಪ್ರತಿ ತಿಂಗಳ 9ನೇ ತಾರೀಖಿನ ಸುರಕ್ಷಿತ ಮಾತೃತ್ವ ತಪಾಸಣೆಗೆ ಹೋದಾಗ ಕೇಳಿ, ಎಲ್ಲಿ ಮಾಡಿಸಬೇಕೆಂದು ಆಶಾ ಕಾರ್ಯಕರ್ತೆಯ ಹತ್ತಿರವೂ ವಿಚಾರಿಸಿ. ಮೂರು, ನಾಲ್ಕನೆಯ ತಿಂಗಳೊಳಗೆ ಆದರೆ ಒಳ್ಳೆಯದು.

ಮಾನ್ವಿಯ ಹುಡುಗಿಯ ತಟ್ಟೆಯಲ್ಲಿ ಚುಕ್ಕೆಗಳನ್ನು ಎಣಿಸಲು ಆಗದಷ್ಟು ಗುಲಾಬಿ ಎದ್ದಿತ್ತು. ವೈದ್ಯರು ಏಳು ದಿನದ ಗುಳಿಗೆ ಬರೆದುಕೊಟ್ಟರು. ಉರಿಯಿಲ್ಲದ ಕಾಯಿಲೆಗೆ ಮೂರನೆಯ ದಿನವೇ ಗುಳಿಗೆ ಬಿಟ್ಟುಬಿಡುವ ಮನಸ್ಸಾಗುತ್ತದೆ, ಬಿಡಬಾರದು. ಔಷಧಿ ಅಂಗಡಿಯಲ್ಲಿ ನೀವೇ ಕೇಳಿ ತರುವುದಂತೂ ಬೇಡವೇ ಬೇಡ. ಟೆಟ್ರಾಸೈಕ್ಲಿನ್‌ನಂತಹ ಔಷಧಿ ಕೂಸಿನ ಎಲುಬು, ಹಲ್ಲುಗಳಿಗೆ ಕೆಡುಕು. ಇನ್ನೊಂದು ಔಷಧಿ ಮೊದಲ ತಿಂಗಳುಗಳಿಗೆ ಆಗದು, ಮತ್ತೊಂದು ದಿನ ತುಂಬುವ ಹೊತ್ತಿಗೆ ಆಗದು. ಗುಳಿಗೆ ಮುಗಿದು ಒಂದು ವಾರಕ್ಕೆ ಮತ್ತೆ ಕಲ್ಚರ್ ಮಾಡಿಸಬೇಕು ಎಂದು ಅತ್ತೆಗೆ ಹೇಳಿದೆ. ಈ ಸಲ ಅವರು ವಾದ ಮಾಡಲಿಲ್ಲ. ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಮುಚ್ಚಳ ಬಹಳ ಬಿಗಿಯಾಗಿದೆ ಮೇಡಂ, ಇಂಗು ಇಡಲು ಇನ್ನೊಂದು ಕೊಡಿ’ ಎಂದರು. ಕೊಟ್ಟೆ. ಅದರ ಮೇಲೆ ಪೆನ್ನಿನಿಂದ ದೊಡ್ಡದಾಗಿ ‘ಇಂಗು’ ಎಂದು ಬರೆದೇ ಕೊಟ್ಟೆ.

ನಮಸ್ಕಾರ.