ಅರ್ಥ್ ವೈರನ್ನ ಬೇರೆ ಇಡೋದು ಅಂದ್ರೆ ಏನು

ಕೇಳುಗರಿಗೆಲ್ಲ ನಮಸ್ಕಾರ. ದೊಡ್ಡ ಆಫೀಸು, ಆಸ್ಪತ್ರೆ, ಮಾಲು ಇಂಥ ಕಟ್ಟಡದ ಪ್ಯಾನಲ್ ರೂಮಲ್ಲಿ ಒಂದು ತಾಮ್ರದ ಪಟ್ಟಿ ಇರುತ್ತೆ, ಅದನ್ನ ಮೇನ್ ಅರ್ಥ್ ಬಾರ್ ಅಂತಾರೆ, ಅದರ ತುಂಬ ಹಸಿರು-ಹಳದಿ ಅರ್ಥ್ ವೈರ್‌ಗಳು ಬಂದು ಬೋಲ್ಟ್ ಆಗಿರುತ್ವೆ. ಹತ್ತಿರ ಹೋಗಿ ನೋಡಿದ್ರೆ ಆ ಪಟ್ಟಿ ಗೋಡೆಗೆ ಅಂಟಿಕೊಂಡಿರಲ್ಲ, ಎರಡು ಇನ್ಸುಲೇಟರ್ ಮೇಲೆ ಕೂತಿರುತ್ತೆ. ಹೇಗೂ ಭೂಮಿಗೆ ಹೋಗೋ ಪಟ್ಟಿ, ಗೋಡೆಗೆ ತಾಗಿದ್ರೇನಂತೆ ಅಂತ ತುಂಬ ಜನ ಕೇಳ್ತಾರೆ. ಕೇಳಲೇಬೇಕಾದ ಪ್ರಶ್ನೆ. ಗೋಡೆಯ ತೇವಕ್ಕೆ ತಾಮ್ರ ಕಿಲುಬು ಹಿಡೀಬಾರದು, ಬೋಲ್ಟ್ ಬಿಗಿಯೋಕೆ ಹಿಂದೆ ಕೈಗೆ ಜಾಗ ಬೇಕು, ಅದಕ್ಕಿಂತ ಮುಖ್ಯ ಅಂದ್ರೆ ಕರೆಂಟು ನಾವು ಹಾಕಿದ ದಾರಿಯಲ್ಲೇ ಹೋಗ್ಬೇಕು, ಕಟ್ಟಡದ ಕಬ್ಬಿಣ ಹಿಡ್ಕೊಂಡು ಎಲ್ಲೆಲ್ಲೋ ಹರಿದ್ರೆ ವೈರ್ ಸುತ್ತ ಕಚ್ಚಿಸೋ ಕ್ಲಾಂಪ್ ಮೀಟರ್ ಹಾಕಿ ಅಳೆಯೋದು ಏನನ್ನ ಹೇಳಿ.

ಈ ಬೇರೆ ಇಡೋ ಮಾತನ್ನೇ ಕೆಲವರು ತಪ್ಪು ತಿಳ್ಕೊಂಡುಬಿಡ್ತಾರೆ. ಒಂದು ಕಟ್ಟಡದಲ್ಲಿ ಸರ್ವರ್ ರೂಮಿಗೆ ಕ್ಲೀನ್ ಅರ್ಥ್, ಅಂದ್ರೆ ಬೇರೆ ಮಷೀನುಗಳ ಗದ್ದಲ ಸೇರದ ಅರ್ಥ್, ಬೇಕು ಅಂತ ಹೊರಗಡೆ ಹೊಸ ಪಿಟ್, ಅಂದ್ರೆ ಅರ್ಥ್ ಗುಂಡಿ, ತೋಡಿ, ಸರ್ವರ್ ಕೂರಿಸೋ ಲೋಹದ ಬೀರು, ಅಂದ್ರೆ ರ‍್ಯಾಕಿನ ಅರ್ಥ್ ವೈರನ್ನ ನೇರ ಅಲ್ಲಿಗೇ ಎಳೆದಿದ್ರು, ಮೇನ್ ಅರ್ಥ್ ಬಾರಿಗೆ ಸೇರಿಸೇ ಇರಲಿಲ್ಲ. ಫಾಲ್ಟ್ ಆದಾಗ ಕರೆಂಟು ಹೋಗಿ ಬರೋ ಪೂರ್ತಿ ದಾರಿಯ ತಡೆ ಅಳೆಯೋ ಲೂಪ್ ಟೆಸ್ಟರ್ ನಾನು ಹಚ್ಚಿದಾಗ 10 ಓಮ್ ತೋರಿಸ್ತು, ಎದೆ ಧಸಕ್ಕಂತು. 230 ವೋಲ್ಟಿಗೆ 10 ಓಮ್ ಅಂದ್ರೆ ಬರೀ 23 ಆಂಪ್, ಅಲ್ಲಿದ್ದದ್ದು ಕರೆಂಟು ಮಿತಿ ಮೀರಿದ್ರೆ ತಾನೇ ಆಫ್ ಆಗೋ 32 ಆಂಪಿನ ಸ್ವಿಚ್ಚು, ಎಂಸಿಬಿ. ಫೇಸ್ ವೈರು ರ‍್ಯಾಕಿನ ಬಾಡಿಗೆ ತಾಗಿದ್ರೂ ಅದು ಟ್ರಿಪ್ ಆಗಲ್ಲ, ಬಾಡಿಯಲ್ಲಿ ಕರೆಂಟು ಹಾಗೇ ನಿಂತಿರುತ್ತೆ, ಬಾಗಿಲು ಮುಟ್ಟಿದವನ ಗತಿ ಏನು? ಆ ಲೈನಿಗೆ, ಸ್ವಲ್ಪ ಕರೆಂಟು ಸೋರಿದ್ರೂ ಲೈನ್ ಕಡಿಯೋ ಆರ್‌ಸಿಸಿಬಿನೂ ಇರಲಿಲ್ಲ. ಅದೇ ವೈರನ್ನ ಮೇನ್ ಬಾರಿಗೆ ತಂದು ಸೇರಿಸಿದ್ಮೇಲೆ ಲೂಪು 0.5 ಓಮಿಗೆ ಇಳೀತು, ಅಂದ್ರೆ ಫಾಲ್ಟ್ ಆದ್ರೆ 460 ಆಂಪ್ ಹರಿಯುತ್ತೆ, ಅಲ್ಲಿದ್ದ ಸಿ ಟೈಪ್ ಎಂಸಿಬಿ ತನ್ನ 32 ಆಂಪಿನ ಹತ್ತರಷ್ಟು ಅಂದ್ರೆ 320 ಆಂಪಿಗೇ ತಕ್ಷಣ ಬೀಳುತ್ತೆ. ಹೊಸ ಪಿಟ್ಟನ್ನೂ ಬಿಡದೆ ಅದೇ ಬಾರಿಗೆ ಸೇರಿಸಿದ್ವಿ, ಇಲ್ಲಾಂದ್ರೆ ಸಿಡಿಲು ಬಡಿದಾಗ ಎರಡು ಪಿಟ್ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬಂದು ಆ ಸರ್ವರ್‌ಗಳೇ ಸುಟ್ಟುಹೋಗ್ಬಹುದು. ಹಾಗಾಗಿ ಬೇರೆ ಇಡೋದು ಅಂದ್ರೆ ಇಷ್ಟೇ: ರ‍್ಯಾಕಿನ ಅರ್ಥ್‌ಗೆ ಇನ್ಸುಲೇಶನ್ ಇರೋ ವೈರ್ ಹಾಕಿ, ದಾರೀಲಿ ಒಳಗಿನ ತಾಮ್ರವನ್ನ ಕೇಬಲ್ ಟ್ರೇಗಾಗಲಿ ಮಧ್ಯದ ಪ್ಯಾನಲ್ ಬಾಡಿಗಾಗಲಿ ತಾಗಿಸದೆ ತಂದು ಮೇನ್ ಬಾರಲ್ಲಿ ಸೇರಿಸೋದು.

ಇನ್ನು ಸಪೋರ್ಟು. ದೊಡ್ಡ ಫಾಲ್ಟ್ ಕರೆಂಟು ಹರಿಯೋ ಕ್ಷಣಕ್ಕೆ ವೈರು ಜೋರಾಗಿ ಎಗರುತ್ತೆ, ಸಡಿಲವಾಗಿ ನೇತಾಡ್ತಿದ್ರೆ ವೈರಿನ ತುದೀಲಿ ಬೋಲ್ಟ್ ಹಾಕೋ ಲಗ್ ಕಿತ್ತು ಬರ್ಬಹುದು. ಅದಕ್ಕೇ ಕ್ಲಾಂಪ್ ಹಾಕಿ ಗೋಡೆಗೋ ಟ್ರೇಗೋ ಬಿಗೀಬೇಕು, ಸ್ಪ್ರಿಂಕ್ಲರ್ ಪೈಪಿಗೆ ಟೈ ಹಾಕಿ ಕಟ್ಟೋದು ಸಪೋರ್ಟ್ ಅಲ್ಲ. ಜಿಐ, ಅಂದ್ರೆ ಸತು ಲೇಪದ ಕಬ್ಬಿಣದ, ಪಟ್ಟಿ ಮೇಲೆ ಬರೀ ತಾಮ್ರ ಕೂರಿಸಿದ್ರೆ ತೇವಕ್ಕೆ ಸತು ಬೇಗ ಸವೆದುಹೋಗುತ್ತೆ, ಟಿನ್ ಲೇಪದ ಲಗ್ ಹಾಕ್ಸಿ.

ಇನ್ನೊಂದು, ಪೆಟ್ಟು ಬೀಳದೇ ಇರ್ಲಿ ಅಂತ ಪಿಟ್ಟಿಗೆ ಹೋಗೋ ವೈರ್ ಒಂದನ್ನೇ ಕಬ್ಬಿಣದ ಪೈಪಲ್ಲಿ ಹಾಕ್ತಾರೆ. ಸಿಡಿಲಿನ ಕರೆಂಟ್ ಬಂದಾಗ ಆ ಪೈಪು ಚೋಕ್ ಥರ ತಡೆಯುತ್ತೆ. ಪಿವಿಸಿ ಪೈಪ್ ಹಾಕಿ, ಕಬ್ಬಿಣದ್ದೇ ಆಗ್ಬೇಕಂದ್ರೆ ಪೈಪಿನ ಎರಡೂ ತುದೀನ ಒಳಗಿನ ವೈರಿಗೇ ಕ್ಲಾಂಪ್ ಮಾಡಿ ಜೋಡಿಸಿ.